ಹುಳಿ ಹೊರುವ ಗಾಡಿಗೆ ಹಾಕಿಸಿದ ಚಿಪ್

ಬನಶಂಕರಿ ಬಸ್ ಸ್ಟ್ಯಾಂಡಿನ ಸಿಗ್ನಲ್ಲಿನಲ್ಲಿ ಒಂದು ಬೆಳಿಗ್ಗೆ ನಿಂತು ನೋಡಬೇಕು. ಮೂರು ಸಲ ಹಸಿರು ಬಂದು ಹೋದರೂ ಗಾಡಿಗಳು ಇದ್ದಲ್ಲೇ ಇರುತ್ತವೆ. ಸೊಪ್ಪಿನ ಗಾಡಿ ತಳ್ಳುವ ಹೆಂಗಸು ಎಲ್ಲರನ್ನೂ ದಾಟಿಕೊಂಡು ಆರಾಮವಾಗಿ ಮುಂದೆ ಹೋಗುತ್ತಾಳೆ. ಇಂಥ ರಸ್ತೆಯಲ್ಲಿ ದಿನಾ ಓಡಾಡುವ ಮನುಷ್ಯನೊಬ್ಬ ತನ್ನ ಗಾಡಿಗೆ ಇನ್ನಷ್ಟು ಶಕ್ತಿ ಬೇಕು ಅಂದರೆ ಅವನನ್ನು ಏನನ್ನಬೇಕು? ನಾನು ತಮ್ಮ ಅನ್ನಬೇಕು. ಒಡಹುಟ್ಟಿದವನು, ಬೇರೆ ದಾರಿಯಿಲ್ಲ.

ನಮ್ಮದು ಅಡುಗೆ ಕಾಂಟ್ರಾಕ್ಟಿನ ಮನೆ. ಅಪ್ಪ ಶುರು ಮಾಡಿದ್ದನ್ನು ತಮ್ಮ ನಡೆಸುತ್ತಿದ್ದಾನೆ. ನಾನು ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಹೇಳಿ, ನಿವೃತ್ತಳಾಗಿ, ಮಹಡಿಯ ಮೇಲೆ ಇದ್ದುಕೊಂಡು ಬುಕಿಂಗ್ ಫೋನು ನೋಡಿಕೊಳ್ಳುತ್ತೇನೆ. ನನಗೆ ಮದುವೆಯಾಗಲಿಲ್ಲ, ಆದರೆ ಜಯನಗರದ ಅರ್ಧಕ್ಕರ್ಧ ಮನೆಗಳ ಮದುವೆಗೆ ಮೆನು ಬರೆದುಕೊಟ್ಟಿದ್ದೇನೆ. ಅಡುಗೆಮನೆ ಇರುವುದು ನಮ್ಮ ಮನೆಯ ಹಿತ್ತಲಿನ ಶೆಡ್ಡಿನಲ್ಲಿ. ಈಗಿನ ಎಷ್ಟೋ ಹಾಲ್‌ಗಳಲ್ಲಿ ಒಲೆ ಹಚ್ಚಲು ಬಿಡುವುದಿಲ್ಲ, ಗೋಡೆಗೆ ಮಸಿ ಹಿಡಿಯುತ್ತದಂತೆ. ಹಾಗಾಗಿ ಎಲ್ಲವನ್ನೂ ಇಲ್ಲೇ ಬೇಯಿಸಿ ಪಿಕಪ್ ಗಾಡಿಯಲ್ಲಿ ಸಾಗಿಸಬೇಕು. ಅದು ಡೀಸೆಲ್ ಗಾಡಿ. ಹಿಂದೆ ತೆರೆದ ತೊಟ್ಟಿ, ಮುಂದೆ ಇಬ್ಬರು ಕೂರುವ ಸೀಟು, ಬಾಗಿಲ ಮೇಲೆ ಅಪ್ಪನ ಕಾಲದ ಗಣಪತಿ ಸ್ಟಿಕ್ಕರು.

ಹುಳಿ ಸಾಗಿಸುವುದು ಇಟ್ಟಿಗೆ ಸಾಗಿಸಿದ ಹಾಗಲ್ಲ. ಕುದಿಯುವ ಕೊಳದಪ್ಪಲೆಯ ಬಾಯಿಗೆ ಒಗೆದ ಪಂಚೆಯ ತುಂಡು ಕಟ್ಟಿ, ಮೇಲೆ ಮುಚ್ಚಳ ಬಿಗಿದು, ತಪ್ಪಲೆಗಳ ನಡುವೆ ಗೋಣಿಚೀಲ ತುರುಕಿ ಹೊರಡುವುದು. ಹಾಲ್ ಮುಟ್ಟಿದ ಮೇಲೆ ಮುಚ್ಚಳ ತೆಗೆದು ಮೊದಲು ನೋಡುವುದು ಆ ಬಟ್ಟೆಯನ್ನು. ಹಳದಿಯಾಗಿದ್ದರೆ ಹುಳಿ ಕುಲುಕಾಡಿದೆ ಅಂತ ಅರ್ಥ. ಕುಲುಕಾಡಿದರೆ ತರಕಾರಿ ಒಡೆಯುತ್ತದೆ, ಒಗ್ಗರಣೆ ಅಂಚಿಗೆ ಹತ್ತುತ್ತದೆ, ಮೊದಲ ಪಂಕ್ತಿಗೆ ಕೂತ ಹಿರಿಯರು ಒಂದು ತುತ್ತಿಗೇ ಮುಖ ಸಿಂಡರಿಸುತ್ತಾರೆ.

ಅಪ್ಪನ ಕೊನೆಗಾಲದಲ್ಲಿ ಬಂದು ಸೇರಿದ ನಮ್ಮ ಡ್ರೈವರ ಕೈಯಲ್ಲಿ ಆ ಬಟ್ಟೆ ಹಳದಿಯಾದದ್ದನ್ನು ನಾನು ನೋಡಿಲ್ಲ. ಸುಬ್ರಹ್ಮಣ್ಯಪುರದವರು, ನನಗಿಂತ ಎರಡು ವರ್ಷ ಚಿಕ್ಕವರು, ಮಾತು ಕಮ್ಮಿ. ಉತ್ತರಹಳ್ಳಿ ರಸ್ತೆಯ ಒಂದೊಂದು ಹಂಪೂ ಅವರಿಗೆ ಗೊತ್ತು. ಹಂಪಿಗೆ ನೇರವಾಗಿ ಹೋಗದೆ, ಒಂದು ಚಕ್ರ ಆದಮೇಲೆ ಇನ್ನೊಂದು ಹತ್ತುವ ಹಾಗೆ ಓರೆಯಾಗಿ ಹತ್ತಿಸುತ್ತಿದ್ದರು. ಹಿಂದಿನವರು ಹಾರ್ನ್ ಹೊಡೆದು ಹೊಡೆದು ಸಾಯಲಿ, ಇವರ ಕಿವಿಗೆ ಅದು ಬೀಳುತ್ತಲೇ ಇರಲಿಲ್ಲ. ಹಾಲ್ ತಲುಪಿದ ಮೇಲೆ ತಾವೇ ಮುಚ್ಚಳ ಎತ್ತಿ, ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ, "ಒಣಗಿದೆ" ಅನ್ನುತ್ತಿದ್ದರು. ದಿನಕ್ಕೆ ಅವರು ಆಡುತ್ತಿದ್ದ ದೊಡ್ಡ ಭಾಷಣ ಅದೇ.

ಇಂಥ ಗಾಡಿಗೆ ಚಿಪ್ ಹಾಕಿಸಬೇಕು ಅನ್ನುವ ಬುದ್ಧಿ ತಮ್ಮನಿಗೆ ಬಂದದ್ದು ಗೊಟ್ಟಿಗೆರೆಯಲ್ಲಿ. ಅಲ್ಲಿ ಒಬ್ಬರ ಮನೆಯ ನಾಮಕರಣಕ್ಕೆ ಅಡುಗೆ ಒಪ್ಪಿಕೊಂಡಿದ್ದೆವು. ಒಂದು ಕಾಲದಲ್ಲಿ ಹೊಲ ಉತ್ತ ಮನೆತನ, ಈಗ ಅದೇ ಹೊಲದ ಮೇಲೆ ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳು. ಯಜಮಾನರು ಒಂದು ಪಿಕಪ್ ಇಟ್ಟಿದ್ದಾರೆ. ನಮ್ಮದರಂತಲ್ಲ. ನಾಲ್ಕು ಬಾಗಿಲು, ಎದೆಮಟ್ಟದ ಚಕ್ರ, ಹತ್ತುವುದಕ್ಕೆ ಮೆಟ್ಟಿಲು. ಹಿಂದಿನ ತೊಟ್ಟಿಯಲ್ಲಿ ನಾನು ಕಂಡ ಅತಿ ಭಾರದ ಸಾಮಾನು ಒಂದು ಕಟ್ಟು ವೀಳ್ಯದೆಲೆ. ಅವರ ಅಜ್ಜನ ಎತ್ತಿನಗಾಡಿ ಒಂದು ವಾರದಲ್ಲಿ ಹೊತ್ತಷ್ಟನ್ನು ಈ ಗಾಡಿ ಹುಟ್ಟಿದಾಗಿನಿಂದ ಹೊತ್ತಿರಲಾರದು.

ಊಟ ಮುಗಿದ ಮೇಲೆ ಯಜಮಾನರು ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊಡೆಸಿದರು. ತಮ್ಮ ಇಳಿದಾಗ ಅವನ ಮುಖ ನೋಡಬೇಕಿತ್ತು. ಐವತ್ತೈದು ವರ್ಷದ ಮನುಷ್ಯ, ಜಾತ್ರೆಯ ತೊಟ್ಟಿಲಿನಿಂದ ಇಳಿದ ಕೂಸಿನ ಹಾಗೆ ಕಣ್ಣರಳಿಸಿಕೊಂಡಿದ್ದ.

"ಅಕ್ಕ, ಏನ್ ಪಿಕಪ್ ಗೊತ್ತಾ! ಇಂಜಿನ್ನಿಗೆ ಚಿಪ್ ಹಾಕ್ಸಿದಾರಂತೆ. ಕಾಲಿಟ್ರೆ ಸಾಕು, ಬೆನ್ನು ಸೀಟಿಗೆ ಅಂಟ್ಕೊಳತ್ತೆ."

"ನಿನ್ನ ಬೆನ್ನು ಸೀಟಿಗೆ ಅಂಟ್ಕೊಂಡ್ರೆ ಹುಳಿ ಎಲ್ಲಿಗೆ ಅಂಟ್ಕೊಳತ್ತೋ?" ಅಂದೆ.

ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮ ಕಡೆ ಗಂಡಸರಿಗೆ ಐವತ್ತು ದಾಟಿದ ಮೇಲೆ ಶಕ್ತಿಯ ಮೇಲೆ ಅದೇನೋ ವ್ಯಾಮೋಹ. ಬೆಳಿಗ್ಗೆ ಪಾರ್ಕಿನಲ್ಲಿ ವಾಕಿಂಗ್ ಮಾಡುವ ಇವನ ಗೆಳೆಯರ ಗುಂಪನ್ನೇ ನೋಡಿ. ಒಬ್ಬರು ನೂರು ಮೀಟರ್ ಆಳದ ನೀರು ತಡೆಯುವ ಗಡಿಯಾರ ಕಟ್ಟಿದ್ದಾರೆ, ಸ್ನಾನಕ್ಕೆ ಹೋಗುವಾಗ ಬಿಚ್ಚಿಡುತ್ತಾರೆ. ಇನ್ನೊಬ್ಬರು ಹಿಮಾಲಯ ಹತ್ತುವ ಬೂಟು ಹಾಕಿಕೊಂಡು ಹೋಟೆಲಿನ ಕಾಫಿಗೆ ಸಾಲು ನಿಲ್ಲುತ್ತಾರೆ. ಉಪಯೋಗಕ್ಕೆ ಬರುವ ವಸ್ತುವಿನ ಮೇಲೆ ಇವರಿಗೆ ಪ್ರೀತಿಯೇ ಹುಟ್ಟುವುದಿಲ್ಲ.

ಚಿಪ್ ಹಾಕುವ ಅಂಗಡಿ ಸುದ್ದಗುಂಟೆಪಾಳ್ಯದಲ್ಲಿತ್ತು. ಸೀಟ್ ಕವರು, ಗಾಜಿಗೆ ಕಪ್ಪು ಹಾಳೆ, ಕಿವಿ ಕಿತ್ತುಹೋಗುವ ಹಾರ್ನು ಮಾರುವ ಜಾಗ. ಫಿಸಿಕ್ಸ್ ಓದಿದವಳು ಜೊತೆಗಿರಲಿ ಅಂತ ತಮ್ಮ ನನ್ನನ್ನೂ ಕರೆದುಕೊಂಡು ಹೋದ. ನನ್ನ ಒಪ್ಪಿಗೆ ಅವನಿಗೆ ಬೇಕಿರಲಿಲ್ಲ, ನಾನು ಪಕ್ಕದಲ್ಲಿ ನಿಂತಿರುವುದು ಬೇಕಿತ್ತು. ಅಂಗಡಿಯವನು ನಮ್ಮ ಗಾಡಿಯ ಹಳೇ ಸ್ಟಿಕ್ಕರನ್ನೂ ತಮ್ಮನ ಮುಖವನ್ನೂ ಒಂದು ಸಲ ನೋಡಿದ. ಗೊಟ್ಟಿಗೆರೆಯವರಿಗೆ ಹಾಕಿದಂಥದ್ದಕ್ಕೆ ಲ್ಯಾಪ್‌ಟಾಪ್ ಬೇಕು, ಅರ್ಧ ದಿನ ಬೇಕು, ದುಡ್ಡೂ ಜಾಸ್ತಿ, ನಿಮಗೆ ಇದು ಸಾಕು ಅಂತ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟ. ಸ್ಟೇರಿಂಗಿನ ಕೆಳಗೆ, ಮೆಕ್ಯಾನಿಕ್‌ಗಳು ಗಾಡಿಯ ಕಾಯಿಲೆ ಪತ್ತೆ ಮಾಡಲು ವೈರು ಸಿಕ್ಕಿಸುವ ಒಂದು ಕಿಂಡಿ ಇರುತ್ತದೆ. ಅಲ್ಲಿಗೆ ಡಬ್ಬಿಯನ್ನು ತಳ್ಳಿದ. ಹಸಿರು ದೀಪ ಮಿನುಗಿತು.

"ಆಯ್ತು ಸಾರ್. ಪವರ್ರೂ ಜಾಸ್ತಿ, ಮೈಲೇಜೂ ಜಾಸ್ತಿ. ಒಂಬತ್ತು ಲೀಟರ್ ಕುಡಿಯೋ ಕಡೆ ಏಳು ಕುಡಿಯತ್ತೆ."

"ಶಕ್ತಿನೂ ಜಾಸ್ತಿ, ಡೀಸೆಲ್ಲೂ ಕಮ್ಮಿ. ಆ ಶಕ್ತಿ ಎಲ್ಲಿಂದ ಬರತ್ತಪ್ಪ?" ಅಂತ ಕೇಳಿದೆ.

"ಚಿಪ್ಪಿಂದ ಆಂಟಿ."

ಮೂವತ್ತು ವರ್ಷ ನಾನು ಮಕ್ಕಳಿಗೆ ಹೇಳಿದ ಪಾಠವನ್ನೆಲ್ಲ ಒಂದು ಪದದಲ್ಲಿ ಮುಗಿಸಿಬಿಟ್ಟ. ಅವನು ತಮ್ಮನ ಕಡೆ ತಿರುಗಿ, "ಆದ್ರೆ ಸಾರ್, ಪ್ರೀಮಿಯಂ ಡೀಸೆಲ್ಲೇ ಹಾಕ್ಸಬೇಕು. ಮಾಮೂಲಿ ಹಾಕಿದ್ರೆ ಚಿಪ್ ಸುಸ್ತಾಗ್ಬಿಡತ್ತೆ. ಆಮೇಲೆ ನನ್ನ ಕೇಳ್ಬೇಡಿ" ಅಂದ. ಸುಸ್ತಾಗುವ ಚಿಪ್! ಅದಕ್ಕೆ ಬಾದಾಮಿ ಹಾಲು ಕೊಡಬೇಕಾ ಅಂತ ಕೇಳೋಣ ಅನ್ನಿಸಿತು. ಆದರೆ ತಮ್ಮ ಆಗಲೇ ತಲೆಯಾಡಿಸುತ್ತಿದ್ದ.

ಮಾರನೇ ದಿನ ಡ್ರೈವರು ಗಾಡಿ ಹತ್ತಿ ಮಿನುಗುವ ದೀಪವನ್ನು ಬಗ್ಗಿ ನೋಡಿದರು.

"ಇದೇನು ಮಾಡತ್ತೆ ಅಕ್ಕ?"

"ಮಿನುಗತ್ತೆ" ಅಂದೆ.

ಅವರು ಗಂಭೀರವಾಗಿ ತಲೆಯಾಡಿಸಿದರು. ಅಂದಿನಿಂದ ಪ್ರೀಮಿಯಂ ಡೀಸೆಲ್ಲಿನ ಓಡಾಟ ಶುರುವಾಯಿತು. ನಮ್ಮ ಮನೆಯ ಹತ್ತಿರದ ಬಂಕಿನಲ್ಲಿ ಅದು ಸಿಗುತ್ತಿರಲಿಲ್ಲ. ಡೀಸೆಲ್ ಹಾಕಿಸುವುದಕ್ಕೆಂದೇ ಜೆಪಿ ನಗರದ ಕಡೆ ಹೋಗಬೇಕು, ಹೋಗುವುದಕ್ಕೆ ಒಂದಿಷ್ಟು ಡೀಸೆಲ್ ಸುಡಬೇಕು. ಲೀಟರಿಗೆ ಬೆಲೆ ಹೆಚ್ಚು, ಇಂಜಿನ್ನಿಗೆ ಒಳ್ಳೆಯದು ಅಂತ ಬಂಕಿನವನು ಹೇಳುವ ಒಂದು ಮಾತು ಫ್ರೀ. ಅದರಲ್ಲಿ ಇಂಜಿನ್ ತೊಳೆಯುವ ಏನೋ ಒಂದಿಷ್ಟು ಬೆರೆಸಿರುತ್ತಾರೆ, ನಿಜ. ತೊಳೆದ ಇಂಜಿನ್ನೂ ಅದೇ ಸಿಗ್ನಲ್ಲಿನಲ್ಲಿ ನಿಲ್ಲಬೇಕು.

ತಮ್ಮನಿಗೆ ಮಾತ್ರ ಗಾಡಿ ಹಾರುತ್ತಿತ್ತು. ಭಾನುವಾರ ತಾನೇ ಒಂದು ಸುತ್ತು ಓಡಿಸಿ ಬಂದು, "ಸಖತ್ತಾಗಿದೆ ಅಕ್ಕ, ಡಿಫರೆನ್ಸ್ ಗೊತ್ತಾಗತ್ತೆ" ಅನ್ನುತ್ತಿದ್ದ. ಗೊತ್ತಾಗದೆ ಏನು, ಮೊದಲಿಗಿಂತ ಜೋರಾಗಿ ತುಳಿಯುತ್ತಿದ್ದ. ನಾನು ದಿನಕ್ಕೊಂದು ಕುಹಕ ಆಡಿಕೊಂಡು ಖುಷಿಯಾಗಿದ್ದೆ. ತಿಂಡಿಗೆ ಕೂತಾಗ ಅವನ ಉಪ್ಪಿಟ್ಟಿಗೂ ಒಂದು ಚಿಪ್ ಹಾಕಿಸೋಣ ಅನ್ನುತ್ತಿದ್ದೆ. ಅಡುಗೆಯವರು, ಬಡಿಸುವವರು ನಗುತ್ತಿದ್ದರು. ನಿವೃತ್ತಳಾದ ಮೇಲೆ ನನಗೆ ಅಷ್ಟು ಒಳ್ಳೆಯ ತರಗತಿ ಸಿಕ್ಕಿರಲಿಲ್ಲ ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಎರಡು ತಿಂಗಳಾದರೂ ಗಾಡಿ ಒಂಬತ್ತು ಕುಡಿಯುವ ಕಡೆ ಒಂಬತ್ತೇ ಕುಡಿಯಿತು. ಯಾರಿಗಾದರೂ ಆಗ ಅಂಗಡಿಯವನು ಕಿವಿಯ ಮೇಲೆ ಹೂವಿಟ್ಟ ಅಂತ ಹೊಳೆಯುತ್ತದೆ. ತಮ್ಮನಿಗೆ ಹೊಳೆಯಲಿಲ್ಲ. ಅಂಗಡಿಯವನಿಗೇ ಫೋನು ಮಾಡಿ ಕೇಳಿದ. ಅವನು ಜಾಣ. "ಲೈಟ್ ಉರೀತಿದೆಯಾ ಸಾರ್? ಉರೀತಿದೆ ಅಂದ್ರೆ ಚಿಪ್ ಕೆಲ್ಸ ಮಾಡ್ತಿದೆ. ಎರಡು ಲೀಟರ್ ಉಳಿದೇ ಉಳಿದಿರತ್ತೆ. ಉಳಿದಿದ್ದು ಎಲ್ಲಿಗೆ ಹೋಗ್ತಿದೆ ಅಂತ ನೀವು ನೋಡ್ಕೊಳ್ಳಿ" ಅಂದನಂತೆ.

ತಮ್ಮ ನೋಡಿಕೊಂಡ. ಗಾಡಿ ಇರುವುದು ಒಬ್ಬರ ಕೈಯಲ್ಲಿ. ಡೀಸೆಲ್ ಹಾಕಿಸುವವರು ಅವರೇ, ಗಾಡಿ ನಿಲ್ಲಿಸುವವರು ಅವರೇ. ಹುಟ್ಟದೇ ಇದ್ದ ಎರಡು ಲೀಟರನ್ನು ಕದಿಯುವುದಕ್ಕೆ ಒಬ್ಬ ಕಳ್ಳ ಬೇಕಿತ್ತು, ಸಿಕ್ಕಿದ. ಎರಡು ದಿನ ಇದನ್ನೇ ಮನಸ್ಸಿನಲ್ಲಿ ಕಲಸಿಕೊಂಡು ಕೂತ. ನನ್ನ ಹತ್ತಿರವೂ ಹೇಳಿಕೊಂಡ. ನಾನು, "ನಿನ್ನ ತಲೆ" ಅಂದು ಎದ್ದು ಹೋದೆ. ಅಷ್ಟರಲ್ಲೇ ಎಲ್ಲ ಹೇಳಿದಂತಾಯಿತು ಅಂದುಕೊಂಡಿದ್ದೆ.

ಅದು ಜೆಪಿ ನಗರದ ಒಂದು ಗೃಹಪ್ರವೇಶದ ಬೆಳಿಗ್ಗೆ. ತಪ್ಪಲೆಗಳನ್ನು ಗಾಡಿಗೆ ಏರಿಸಿ ಆಗಿತ್ತು. ಡ್ರೈವರು ಗೋಣಿಚೀಲ ತುರುಕುತ್ತಿದ್ದರು. ಪಂಚೆ ಸುತ್ತಿಕೊಂಡ ಆರು ಜನ ಬಡಿಸುವವರು ಶೆಡ್ಡಿನ ಬಾಗಿಲಲ್ಲಿ ಕಾಫಿ ಕುಡಿಯುತ್ತಿದ್ದರು. ಅಷ್ಟೂ ಜನರ ಮುಂದೆ ತಮ್ಮ ಬಾಯಿಬಿಟ್ಟ.

"ಅಣ್ಣ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಚಿಪ್ ಹಾಕ್ಸಿದ್ಮೇಲೆ ಡೀಸೆಲ್ ಉಳೀತಾ ಇದೆ. ಉಳಿದಿದ್ದು ಟ್ಯಾಂಕಲ್ಲಿ ಕಾಣ್ತಾ ಇಲ್ಲ. ಏನ್ ಆಗ್ತಿದೆ?"

ಡ್ರೈವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ಗೋಣಿಚೀಲವನ್ನು ಮೆಲ್ಲಗೆ ಕೆಳಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ಅಕ್ಕ, ನೀವು ಪಾಠ ಹೇಳಿದೋರು. ನೀವೇ ಹೇಳಿ. ಉಳಿದಿದ್ದು ಎಲ್ಲಿ ಹೋಯ್ತು?"

ಒಂದು ಸಾಲಿನ ಉತ್ತರ ಸಾಕಿತ್ತು. ಏನೂ ಉಳಿದಿಲ್ಲ, ಆ ಡಬ್ಬಿ ಮೋಸ, ಇವರು ಕಳ್ಳರಲ್ಲ. ಅದು ನನಗೆ ಗೊತ್ತಿತ್ತು. ಆದರೆ ಎದುರಿಗೆ ತರಗತಿ ಇತ್ತು, ಕಾಫಿ ಲೋಟ ಹಿಡಿದುಕೊಂಡು ನನ್ನ ಬಾಯಿಂದ ಏನು ಬರುತ್ತದೋ ಅಂತ ಕಾಯುತ್ತಿತ್ತು.

"ಉಳಿದ ಡೀಸೆಲ್ಲಾ? ಅದನ್ನೇ ಇವತ್ತು ತಿಳಿಸಾರಿಗೆ ಒಗ್ಗರಣೆ ಹಾಕಿದೀವಿ. ಬಡಿಸೋವಾಗ ಬೀಡಿ ಗೀಡಿ ಹಚ್ಚಬೇಡಿ" ಅಂದೆ.

ಆರು ಜನವೂ ನಕ್ಕರು. ಒಬ್ಬನಿಗೆ ಕಾಫಿ ನೆತ್ತಿಗೆ ಹತ್ತಿತು. ತಮ್ಮ ಮುಖ ದಪ್ಪಗೆ ಮಾಡಿಕೊಂಡ. ಚೆನ್ನಾಗಿ ಮಂಗ ಮಾಡಿದೆ ಇವನನ್ನು ಅಂತ ನಾನು ಬೀಗುತ್ತಿದ್ದಾಗ ಡ್ರೈವರು ಆಗಲೇ ಗಾಡಿ ಹತ್ತಿ ಕೂತಿದ್ದರು. ತಾನು ಕಳ್ಳನಾ ಅಂತ ಒಬ್ಬ ಮನುಷ್ಯ ಕೇಳಿದಾಗ ಸುತ್ತಲೂ ನಗು ಕೇಳಿಸಿದರೆ ಅವನಿಗೆ ಹೇಗಿರುತ್ತದೆ ಅನ್ನುವುದು ನನ್ನ ತಲೆಗೆ ಬರಲೇ ಇಲ್ಲ.

ಅವತ್ತು ನಾನೂ ಆ ಮನೆಗೆ ಹೋಗಿದ್ದೆ. ಅವರು ಎಂದಿನಂತೆ ಮುಚ್ಚಳ ಎತ್ತಿ ಬಟ್ಟೆ ಮುಟ್ಟಿದರು. ಒಣಗಿತ್ತು. ಆದರೆ ಬಾಯಿಬಿಟ್ಟು ಹೇಳಲಿಲ್ಲ. ಪಾತ್ರೆಗಳನ್ನೆಲ್ಲ ವಾಪಸು ತಂದು ಇಳಿಸಿದ ಮೇಲೆ ಗಾಡಿಯ ಕೀಲಿಕೈಯನ್ನು ಶೆಡ್ಡಿನಲ್ಲಿ ಅಪ್ಪನ ಫೋಟೋ ಕೆಳಗಿನ ಮೊಳೆಗೆ ನೇತುಹಾಕಿ ಹೋದರು. ಮಾರನೇ ದಿನ ಬರಲಿಲ್ಲ, ಅದರ ಮಾರನೇ ದಿನವೂ ಬರಲಿಲ್ಲ. ಫೋನು ಎತ್ತಲಿಲ್ಲ.

ಮೂರನೇ ದಿನ ನಾನು ಆ ಡಬ್ಬಿಯನ್ನು ಕಿತ್ತು ತಂದು ಊಟದ ಮೇಜಿನ ಮೇಲಿಟ್ಟು, ಸ್ಕ್ರೂಡ್ರೈವರಿನಿಂದ ಮೀಟಿ ಎರಡು ಹೋಳು ಮಾಡಿದೆ. ಅರ್ಧ ನಿಮಿಷದ ಕೆಲಸ. ಒಳಗೆ ಉಗುರಿನಷ್ಟು ಒಂದು ಹಲಗೆ, ಅದರ ಮೇಲೆ ಒಂದು ದೀಪ, ದೀಪವನ್ನು ಮಿನುಗಿಸುವ ಒಂದೆರಡು ಬಿಡಿಭಾಗ. ಕಿಂಡಿಗೆ ಸಿಕ್ಕುವ ಅಷ್ಟೊಂದು ಪಿನ್ನುಗಳಲ್ಲಿ ಎರಡಕ್ಕೆ ಮಾತ್ರ ತಂತಿ ಇತ್ತು. ಅವೆರಡೂ ಬ್ಯಾಟರಿಯಿಂದ ಕರೆಂಟು ತರುವವು. ಮಿಕ್ಕವು ಶೋಕಿಗೆ. ಇಂಜಿನ್ನಿಗೂ ಅದಕ್ಕೂ ನೆಂಟಸ್ತಿಕೆಯೇ ಇರಲಿಲ್ಲ.

ತಮ್ಮ ಅದನ್ನು ಬಹಳ ಹೊತ್ತು ನೋಡಿದ. "ನಿನಗೆ ಮೊದ್ಲೇ ಅನುಮಾನ ಇತ್ತಲ್ವಾ? ಮೊದ್ಲೇ ಯಾಕೆ ಬಿಚ್ಚಲಿಲ್ಲ?" ಅಂದ.

ಅವನು ಜೀವಮಾನದಲ್ಲಿ ಕೇಳಿದ ಬುದ್ಧಿವಂತ ಪ್ರಶ್ನೆ ಅದೊಂದೇ ಇರಬೇಕು. ಬಿಚ್ಚಿದ್ದರೆ ನಗುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಅದನ್ನು ಅವನಿಗೆ ಹೇಳದೆ ಹೋಳುಗಳನ್ನು ಬಳಿದು ಕಸಕ್ಕೆ ಹಾಕಿದೆ.

ಅಷ್ಟಾದರೂ ತಮ್ಮನಿಗೆ ಪ್ರೀಮಿಯಂ ಡೀಸೆಲ್ಲಿನ ಮೇಲೆ ಒಂದು ಚೂರು ನಂಬಿಕೆ ಉಳಿದಿತ್ತು. ಗೊಟ್ಟಿಗೆರೆಯವರು ಅದನ್ನೇ ಹಾಕಿಸುತ್ತಾರಂತೆ. ಅವರದು ನಿಜವಾದ ಚಿಪ್ಪೇ ಇರಬಹುದು. ಶಕ್ತಿ ನಿಜವಾಗಿ ಹೆಚ್ಚಿರಬಹುದು, ಆದರೆ ಆ ಶಕ್ತಿಗೆ ತಕ್ಕಂತೆ ಅದು ಕುಡಿಯುತ್ತದೆ, ಅವರು ಬನ್ನೇರುಘಟ್ಟ ರಸ್ತೆಯ ಜಾಮಿನಲ್ಲಿ ಒಂದು ಗಂಟೆ ಕೂತು ಅಷ್ಟನ್ನೂ ಹೊಗೆ ಮಾಡುತ್ತಾರೆ. ಬಾಡಿಗೆ ಬರುವ ಮನುಷ್ಯ, ಮಾಡಲಿ. ನಾವು ಹುಳಿ ಹೊರುವವರು. ಆಷಾಢ ಬಂದಿತ್ತು, ಮದುವೆ ಮುಂಜಿ ಇರಲಿಲ್ಲ. ಪರೀಕ್ಷೆ ಮಾಡಿಯೇ ಬಿಡೋಣ ಅಂದೆ.

ಕೊಳದಪ್ಪಲೆಗಳಿಗೆ ಹುಳಿಯ ಬದಲು ನೀರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿದೆವು. ಟ್ಯಾಂಕು ತುಳುಕುವಷ್ಟು ತುಂಬಿಸುವುದು, ಉತ್ತರಹಳ್ಳಿ ರಸ್ತೆಯ ಹಾಲ್‌ವರೆಗೆ ಮೂರು ಸಲ ಹೋಗಿ ಬರುವುದು, ಮತ್ತೆ ತುಂಬಿಸಿ ಎಷ್ಟು ಹಿಡಿಯಿತು ನೋಡುವುದು. ಒಂದು ದಿನ ಮಾಮೂಲಿ, ಇನ್ನೊಂದು ದಿನ ಪ್ರೀಮಿಯಂ. ತಮ್ಮ ಓಡಿಸಿದ, ನಾನು ಪಕ್ಕದಲ್ಲಿ ಪರ್ಸು ಹಿಡಿದು ಕೂತೆ. ಎರಡಕ್ಕೂ ವ್ಯತ್ಯಾಸ ಒಂದು ಲೋಟದಷ್ಟೂ ಇರಲಿಲ್ಲ. ಇದ್ದಷ್ಟು ಸಿಗ್ನಲ್ಲಿನ ಕೃಪೆ.

ಆದರೆ ಮೊದಲ ದಿನ ಮನೆಗೆ ಬಂದು ಮುಚ್ಚಳ ಎತ್ತಿದಾಗ ಇಬ್ಬರೂ ಡೀಸೆಲ್ ಮರೆತೆವು. ಬಟ್ಟೆ ತೊಪ್ಪೆಯಾಗಿತ್ತು. ತೊಟ್ಟಿಯ ತುಂಬ ನೀರು, ಗೋಣಿಚೀಲಗಳು ನೆನೆದು ಮುದ್ದೆ. ಎರಡನೇ ದಿನ ತಮ್ಮ ಉಸಿರು ಬಿಗಿಹಿಡಿದು ಇರುವೆಯ ಹಾಗೆ ಓಡಿಸಿದ. ಹಂಪುಗಳನ್ನು ಓರೆಯಾಗಿ ಹತ್ತಿಸಲು ನೋಡಿ ಒಬ್ಬ ಸ್ಕೂಟರಿನವನ ಕೈಲಿ ಬೈಸಿಕೊಂಡ. ಅವತ್ತೂ ಬಟ್ಟೆ ತೊಪ್ಪೆಯೇ. ತಮ್ಮ ಅದನ್ನು ಬಿಚ್ಚಿ ಹಿಂಡುತ್ತಾ, "ಶ್ರಾವಣಕ್ಕೆ ಹದಿನಾಲ್ಕು ಮದುವೆ ಒಪ್ಕೊಂಡಿದೀವಿ ಅಕ್ಕ" ಅಂದ. ನನಗೆ ನಗು ಬರಲಿಲ್ಲ.

ಮಾರನೇ ಬೆಳಿಗ್ಗೆ ಅದೇ ಗಾಡಿಯಲ್ಲಿ ಸುಬ್ರಹ್ಮಣ್ಯಪುರಕ್ಕೆ ಹೋದೆವು. ಡ್ರೈವರು ಬಾಗಿಲಲ್ಲೇ ಕೂತು ಪೇಪರು ಓದುತ್ತಿದ್ದರು. ಒಳಗೆ ಕರೆದು ಕೂರಿಸಿದರು, ಅವರ ಹೆಂಡತಿ ಕಾಫಿ ಕೊಟ್ಟರು. ತಮ್ಮ ಸೀದಾ, "ತಪ್ಪಾಯ್ತು ಅಣ್ಣ. ನನಗೆ ಬುದ್ಧಿ ಇರ್ಲಿಲ್ಲ. ವಾಪಸ್ ಬನ್ನಿ" ಅಂದು ಕೈ ಹಿಡಿದುಕೊಂಡ. ನಾನು ಇಷ್ಟು ವರ್ಷ ದಡ್ಡ ಅಂದುಕೊಂಡು ಬಂದವನು ಎಷ್ಟು ಸಲೀಸಾಗಿ ಆ ಮಾತು ಆಡಿಬಿಟ್ಟ! ನಾನು ಲೋಟ ನೋಡುತ್ತಾ ಕೂತಿದ್ದೆ.

"ಬಿಡಿ ಸಾರ್. ಸ್ಕೂಲ್ ವ್ಯಾನಿಗೆ ಸೇರ್ಕೊಂಡಿದೀನಿ, ಸೋಮವಾರದಿಂದ" ಅಂದರು. "ಮಕ್ಕಳು ಚೆಲ್ಲೋದಿಲ್ಲ."

ನಮ್ಮನ್ನು ಕಳಿಸಲು ಗಾಡಿಯವರೆಗೂ ಬಂದರು. ಅಭ್ಯಾಸಬಲದಿಂದ ತೊಟ್ಟಿಯ ಕೊಂಡಿ ಸರಿಯಾಗಿ ಬಿದ್ದಿದೆಯಾ ಅಂತ ಎಳೆದು ನೋಡಿದರು. ಆಮೇಲೆ ಕಿಟಕಿಯಿಂದ ಬಗ್ಗಿ ಸ್ಟೇರಿಂಗಿನ ಕೆಳಗೆ ಕಣ್ಣು ಹಾಯಿಸಿದರು.

"ತೆಗೆದ್ರಾ ಅದನ್ನ?"

"ತೆಗೆದೆ" ಅಂದೆ. "ಬಿಚ್ಚಿ ನೋಡ್ದೆ. ಒಳಗೆ ಏನೂ ಇರ್ಲಿಲ್ಲ. ಬರೀ ಲೈಟು. ನಾನು ಅವತ್ತೇ ಹೇಳ್ಬೇಕಿತ್ತು. ನನ್ನದೂ ತಪ್ಪಾಯ್ತು."

ಅವರು ಕಿಟಕಿಯಿಂದ ತಲೆ ಹೊರಗೆ ತೆಗೆದರು. ಮುಖದಲ್ಲಿ ಸಿಟ್ಟಿರಲಿಲ್ಲ.

"ಸಾರಿಗೆ ಗೊತ್ತಿರ್ಲಿಲ್ಲ, ಕೇಳಿದ್ರು" ಅಂದರು. "ನಿಮಗೆ ಗೊತ್ತಿತ್ತಲ್ಲ ಅಕ್ಕ."

ನಾನು ಗಾಡಿ ಹತ್ತಿ ಕೂತೆ. ತಮ್ಮ ಗಾಡಿ ಸ್ಟಾರ್ಟ್ ಮಾಡಿದ. ಅವರು ಹಿಂದಕ್ಕೆ ಹೋಗಿ ನಿಂತು, ಕೈಯಾಡಿಸುತ್ತಾ, "ನಿಧಾನ ಸಾರ್, ಎಡಗಡೆ ಮೋರಿ ಇದೆ. ಬನ್ನಿ, ಬನ್ನಿ, ಸಾಕು" ಅಂದು ಗಾಡಿಯನ್ನು ರಸ್ತೆಗೆ ತಿರುಗಿಸಿಕೊಟ್ಟರು.